ದಿಲಾವರ್ ಒರೆಸಿದ ಗೋಡೆಗಳು

ಹೊಸದುರ್ಗದಲ್ಲಿ ನನ್ನದೊಂದು ಬಣ್ಣದಂಗಡಿ ಇದೆ. ಊರಿನ ಗೋಡೆಗಳ ಮೇಲೆ ಗೀಚುವವರು ಬಣ್ಣಕ್ಕೆ ನನ್ನ ಹತ್ತಿರವೇ ಬರುತ್ತಾರೆ, ಗೀಚಿದ್ದನ್ನು ಅಳಿಸುವವರು ಸುಣ್ಣಕ್ಕೂ ನನ್ನ ಹತ್ತಿರವೇ ಬರುತ್ತಾರೆ. ಹೀಗಾಗಿ ಗೋಡೆಬರಹದ ವಿಷಯದಲ್ಲಿ ನಾನು ಯಾವ ಪಕ್ಷಕ್ಕೂ ಸೇರಿದವನಲ್ಲ. ಯಾರಾದರೂ ಈ ಬಗ್ಗೆ ಜಗಳ ತೆಗೆದರೆ ಎರಡೂ ಕಡೆಯವರಿಗೆ ಸ್ಟೂಲು ಹಾಕಿ, ಟೀ ತರಿಸಿ, ತಮಾಷೆ ನೋಡುತ್ತೇನೆ.

ದಿಲಾವರ್ ಭಾಯಿಯ ಮಾತು ಬಂದರೆ ಮಾತ್ರ ನಾನು ಶುದ್ಧ ಪಕ್ಷಪಾತಿ. ಅವರು ಐವತ್ತು ದಾಟಿದ ಸಣಕಲು ಮನುಷ್ಯ. ಗಡ್ಡದಲ್ಲಿ ಸದಾ ಬಿಳಿ ಚುಕ್ಕೆ. ಅದು ಸುಣ್ಣವೋ ನರೆಯೋ ಅವರ ಹೆಂಡತಿ ಖಾತುನ್ ಬೀಗೂ ಗೊತ್ತಿಲ್ಲ. ಅವರ ತಂದೆ ಟೆಂಟ್ ಸಿನಿಮಾಕ್ಕೆ ಬೋರ್ಡು ಬರೆಯುತ್ತಿದ್ದವರು. ಇವರು ಅಂಗಡಿ ಬೋರ್ಡು, ಲಾರಿಯ ಹಿಂಭಾಗ, ಶಾಲೆಯ ಗೋಡೆಯ ಭೂಪಟ ಎಲ್ಲ ಬರೆದರು. ಆಮೇಲೆ ಫ್ಲೆಕ್ಸ್ ಬಂತು. ಊರಿನ ಬೋರ್ಡುಗಳೆಲ್ಲ ರಾತ್ರಿ ಕಳೆದು ಬೆಳಗಾಗುವುದರೊಳಗೆ ಪ್ಲಾಸ್ಟಿಕ್ ಆದವು. ಕೊನೆಗೆ ಇವರ ಕೈಯಲ್ಲಿ ಉಳಿದದ್ದು ಎರಡು ಕೆಲಸ. ಒಂದು ಮದುವೆ ಗೋಡೆ ಬರೆಯುವುದು. ಇನ್ನೊಂದು ಪುರಸಭೆಯವರು ಕರೆದಾಗ ಹೋಗಿ ಊರಿನ ಗೋಡೆಬರಹಗಳನ್ನು ಅಳಿಸುವುದು.

ಮದುವೆ ಗೋಡೆ ಎಂದರೆ ನಮ್ಮ ಕಡೆಯವರಿಗೆ ಹೇಳಬೇಕಾದ್ದಿಲ್ಲ. ಹುಡುಗಿಯ ಮನೆ ಮುಂದಿನ ಗೋಡೆಗೆ ಸುಣ್ಣ ಬಳಿದು, ಕೆಮ್ಮಣ್ಣಿನ ಅಂಚು ಕಟ್ಟಿ, ಬಾಗಿಲಿನ ಒಂದು ಪಕ್ಕಕ್ಕೆ ಹುಡುಗಿಯ ಹೆಸರು, ಇನ್ನೊಂದು ಪಕ್ಕಕ್ಕೆ ಹುಡುಗನ ಹೆಸರು, ಮೇಲೆ ಕಲಶ, ಸುತ್ತ ಗಿಣಿ, ಬಾಳೆಕಂಬ ಬರೆಯುತ್ತಾರೆ. ಫ್ಲೆಕ್ಸ್‌ನವರಿಗೆ ಈ ಕೆಲಸ ಕಿತ್ತುಕೊಳ್ಳಲು ಆಗಿಲ್ಲ. ಏಕೆಂದರೆ ಆ ಗೋಡೆಗೆ ಅಜ್ಜಿಯಂದಿರು ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಾರೆ, ಪ್ಲಾಸ್ಟಿಕ್ಕಿಗೆ ಆರತಿ ಎತ್ತಲು ಯಾವ ಅಜ್ಜಿಯೂ ಒಪ್ಪುವುದಿಲ್ಲ. ಸುತ್ತಮುತ್ತಲ ಹಳ್ಳಿಗಳಲ್ಲಿ ದಿಲಾವರ್ ಬರೆದ ಗೋಡೆ ಇಲ್ಲದೆ ಮದುವೆಯಾದ ಹುಡುಗಿಯರು ಕಡಿಮೆ. ಇಷ್ಟು ವರ್ಷದಲ್ಲಿ ಒಂದು ಹೆಸರೂ ತಪ್ಪಿಲ್ಲ ಎಂಬುದು ಅವರ ಒಂದೇ ಒಂದು ಜಂಬ. ಬೇರೆ ಜಂಬಕ್ಕೆ ಅವರ ಹತ್ತಿರ ಸಾಮಾನೂ ಇರಲಿಲ್ಲ ಅನ್ನಿ.

ಅಳಿಸುವ ಕೆಲಸದಲ್ಲಿ ಅವರಿಗೊಂದು ವಿಚಿತ್ರ ಪದ್ಧತಿ ಇತ್ತು. ಗೋಡೆಯ ಮೇಲೆ ಏನೇ ಇರಲಿ, ಸುಣ್ಣ ಹೊಡೆಯುವ ಮುಂಚೆ ಅದನ್ನು ಒಮ್ಮೆ ಗಟ್ಟಿಯಾಗಿ ಓದುತ್ತಿದ್ದರು. ಬರೆದವನು ಯಾರಾದರೂ ಓದಲಿ ಅಂತ ತಾನೇ ಬರೆದದ್ದು, ಒಬ್ಬರಾದರೂ ಓದಿದರೆ ಅವನ ಋಣ ಹರಿಯಿತು ಎಂಬುದು ಅವರ ವಾದ. ಹೆಂಡತಿ ಜತೆ ಹಿರಿಯೂರಿಗೆ ನೆಂಟರ ಮನೆಗೆ ಹೋಗುವಾಗಲೂ ಬಸ್ಸಿನ ಕಿಟಕಿಯಿಂದ ಕಂಡ ಗೋಡೆಗಳನ್ನೆಲ್ಲ ಓದುತ್ತಾ ಹೋಗುತ್ತಿದ್ದರು. ಮೂಲವ್ಯಾಧಿಗೆ ಮದ್ದು, ಬೋರ್‌ವೆಲ್ ಪಾಯಿಂಟ್ ನೋಡಲಾಗುವುದು, ಮುಂದಿನ ಊರಿನ ಕುಸ್ತಿ, ಹೋದ ಚುನಾವಣೆಯ ಗುರುತು, ಎಲ್ಲವೂ ಅವರ ಬಾಯಲ್ಲಿ. ಗೋಡೆಗಳೇ ನನ್ನ ಸವತಿಯರು ಎಂದು ಖಾತುನ್ ಬೀ ನನ್ನ ಅಂಗಡಿಗೆ ಬಂದು ದೂರು ಹೇಳಿದ್ದಾರೆ. ಹೇಳುವಾಗ ನಗುತ್ತಿದ್ದರು, ಆದ್ದರಿಂದ ನಾನು ನ್ಯಾಯ ತೀರ್ಮಾನಕ್ಕೆ ಹೋಗಲಿಲ್ಲ.

ಸಂಜೆ ಅಂಗಡಿಗೆ ಬಂದು ಕುಳಿತರೆಂದರೆ ದಿನದ ಫಸಲು ಹಂಚುತ್ತಿದ್ದರು. ಕಾಲೇಜಿನ ಕಾಂಪೌಂಡಿನಲ್ಲಿ ಯಾರೋ "ಇಲ್ಲಿ ಬರೆಯಬಾರದು" ಎಂದು ದಪ್ಪಕ್ಷರದಲ್ಲಿ ಬರೆದಿದ್ದಾರಂತೆ, ಅದರ ಕೆಳಗೆ ಇನ್ನೊಬ್ಬ "ಆಯ್ತು" ಎಂದು ಬರೆದಿದ್ದಾನಂತೆ, ಅದರ ಕೆಳಗೆ ಮೂರನೆಯವನು "ಬರೀಬ್ಯಾಡ ಅಂದ್ರೂ ಬರ್ದ್ಯಲ್ಲೋ" ಎಂದು ಬೈದಿದ್ದಾನಂತೆ. ಬಸ್‌ಸ್ಟ್ಯಾಂಡಿನ ಪಾಯಿಖಾನೆಯ ಗೋಡೆಗಳನ್ನು ಮಾತ್ರ ಅರ್ಧ ಕಣ್ಣು ಮುಚ್ಚಿ, ತುಟಿ ಅಲುಗಿಸದೆ ಓದುತ್ತಿದ್ದರು. ಪರೀಕ್ಷೆ ಮುಗಿದ ಮೇಲೆ ಬೆಂಚುಗಳ ಮೇಲಿನ ಉತ್ತರಗಳನ್ನು ಅಳಿಸಲು ಹೋದಾಗ, ಅರ್ಧಕ್ಕರ್ಧ ಉತ್ತರ ತಪ್ಪಿವೆಯೆಂದು ಅಲ್ಲಿನ ಮೇಷ್ಟ್ರೇ ತಲೆ ಚಚ್ಚಿಕೊಂಡರಂತೆ. ಓಣಿಯ ಹುಡುಗರು ಇದ್ದಿಲಲ್ಲಿ ಎಳೆದ ಮೂರು ಗೆರೆಯ ವಿಕೆಟ್ಟನ್ನು ದಿಲಾವರ್ ಯಾವತ್ತೂ ಅಳಿಸಲಿಲ್ಲ. ಸೊಟ್ಟಗಿದ್ದರೆ ನೆಟ್ಟಗೆ ಮಾಡಿ ಬರುತ್ತಿದ್ದರು. ಅವರಿಗೆ ನಿಜವಾಗಿ ಪಿತ್ತ ನೆತ್ತಿಗೇರುತ್ತಿದ್ದದ್ದು ಚಿತ್ರದುರ್ಗದ ಕೋಟೆಗೆ ಹೋದಾಗ. ಅಲ್ಲಿ ಮೊಳೆಯಲ್ಲಿ ಕಲ್ಲು ಕೆರೆದು ಹೆಸರು ಬರೆದದ್ದನ್ನು ಕಂಡರೆ ಮೂರು ದಿನ ಬೈಯುತ್ತಿದ್ದರು. ಗೋಡೆಯಾದರೆ ಸುಣ್ಣ ಹೊಡೆಯಬಹುದು, ಕಲ್ಲಿಗೆ ಏನು ಮಾಡುವುದು ಎಂಬುದು ಅವರ ಸಂಕಟ.

ಇಂಥ ದಿಲಾವರ್ ಒಂದು ಗೋಡೆಬರಹಕ್ಕೆ ಮಾತ್ರ ಮನಸೋತರು. ಅದು ನೀಲಿ ಬಣ್ಣದ್ದು. ಮೊದಲು ಕಂಡದ್ದು ತಾಲ್ಲೂಕು ಕಚೇರಿಯ ಕಾಂಪೌಂಡಿನಲ್ಲಿ. ಎಡಕ್ಕೆ ಉಷಾರಾಣಿ, ಬಲಕ್ಕೆ ಸುದೀಪ್. ನಡುವೆ ಎಲ್ಲರೂ ಬರೆಯುವಂಥ ಬಾಣ ಚುಚ್ಚಿದ ಹೃದಯ ಇಲ್ಲ. ಅದರ ಬದಲು ಒಂದು ಎಳನೀರು, ಅದಕ್ಕೆ ಎರಡು ಸ್ಟ್ರಾ. ಅಕ್ಷರಗಳು ಒಂದೊಂದೂ ಗುಂಡಗೆ, ಮುದ್ದಾಗಿ, ಪಾಟಿಯ ಮೇಲೆ ತಿದ್ದಿದ ಹಾಗೆ. ದಿಲಾವರ್ ಆ ದಿನ ಸುಣ್ಣದ ಬ್ರಷ್ ಹಿಡಿದುಕೊಂಡು ಬಹಳ ಹೊತ್ತು ನಿಂತರಂತೆ. ನಮ್ಮ ತೆಂಗಿನ ಸೀಮೆಯಲ್ಲಿ ಇಷ್ಟು ವರ್ಷ ಹೃದಯ ಬರೆದವರಿಗೆ ಈ ಎಳನೀರು ಯಾಕೆ ಹೊಳೆಯಲಿಲ್ಲ ಎಂದು ಅವರಿಗೆ ಆಶ್ಚರ್ಯ. ಕೊನೆಗೆ ಗಟ್ಟಿಯಾಗಿ ಓದಿ, ನಿಟ್ಟುಸಿರು ಬಿಟ್ಟು, ಸುಣ್ಣ ಬಳಿದರು.

ಮಾರನೆಯ ವಾರ ಅದು ಬಸ್‌ಸ್ಟ್ಯಾಂಡಿನಲ್ಲಿ ಬಂತು. ಆಮೇಲೆ ಕಾಯಿ ಮಾರುಕಟ್ಟೆಯ ಗೇಟಿನಲ್ಲಿ. ಆಮೇಲೆ ನೀರಿನ ಟ್ಯಾಂಕಿನ ಬುಡದಲ್ಲಿ, ಮತ್ತೋಡು ರಸ್ತೆಯ ಮೈಲಿಗಲ್ಲಿನಲ್ಲಿ, ಹೊಳಲ್ಕೆರೆ ಕಡೆಯ ಬಸ್ ತಂಗುದಾಣದಲ್ಲಿ, ಹಿರಿಯೂರಿನ ಅಣೆಕಟ್ಟೆಗೆ ಹೋಗುವ ದಾರಿಯ ಮೋರಿಯ ಮೇಲೆ. ಇವರು ಅಳಿಸಿದಷ್ಟೂ ಅದು ಚಿಗುರುತ್ತಿತ್ತು. ದಿಲಾವರ್ ಒಂದೊಂದನ್ನೂ "ಉಷಾರಾಣಿ, ಸುದೀಪ್" ಎಂದು ಮಂತ್ರದ ಹಾಗೆ ಓದಿ ಅಳಿಸುತ್ತಿದ್ದರು. ಸಂಜೆ ಅಂಗಡಿಯಲ್ಲಿ ನಮ್ಮದು ಅದೇ ಮಾತು. ಈ ಜೋಡಿ ಯಾರಿರಬಹುದು, ಮದುವೆಯಾಗುತ್ತಾರೋ ಇಲ್ಲವೋ, ಹುಡುಗನ ಮನೆಯವರು ಒಪ್ಪಿದ್ದಾರೋ ಇಲ್ಲವೋ. ಟೀ ಅಂಗಡಿಯವನೂ ಬಂದು ವಿಚಾರಿಸಿಕೊಂಡು ಹೋಗುತ್ತಿದ್ದ. ಹುಡುಗರು ತಮ್ಮ ಹೆಸರನ್ನು ಮೊದಲು ಬರೆಯುತ್ತಾರೆ, ಈ ಸುದೀಪ್ ಹುಡುಗಿಯ ಹೆಸರನ್ನು ಮೊದಲು ಬರೆದಿದ್ದಾನೆ, ಬಲು ಮರ್ಯಾದಸ್ಥ ಹುಡುಗ ಎಂದು ದಿಲಾವರ್ ತೀರ್ಮಾನ ಕೊಟ್ಟರು. ನಾನೂ ಹೌದೆಂದು ತಲೆಯಾಡಿಸಿದೆ. ಸುದೀಪ್ ಎಂಬ ಹೆಸರಿನವರಿಗೆ ಈ ಕಾಲದಲ್ಲೇನು ಬರವೇ? ಕಲ್ಲೆಸೆದರೆ ಒಬ್ಬನಿಗೆ ತಾಗುತ್ತದೆ. ಯಾವ ಸುದೀಪ್ ಎಂದು ಹುಡುಕುವುದು?

ನಮ್ಮೆಲ್ಲರ ಈ ಸಂತೋಷಕ್ಕೆ ಕಲ್ಲು ಹಾಕಲು ಒಬ್ಬರಿದ್ದರು, ಮತ್ತೋಡಿನ ಕೆಂಚಪ್ಪ. ತೆಂಗಿನ ತೋಟ, ಕಾಯಿ ವ್ಯಾಪಾರ ಎರಡೂ ಇದ್ದ ಗಟ್ಟಿಮುಟ್ಟಾದ ಆಸಾಮಿ. ಅವರು ಮಾತಾಡಲು ಶುರು ಮಾಡಿದರೆ ಎದುರಿನವರು ಉಸಿರು ಎಳೆದುಕೊಳ್ಳಲು ಸಂದು ಸಿಗುತ್ತಿರಲಿಲ್ಲ. ಅವರ ಮನೆಯಲ್ಲಿ ಅವರನ್ನು ಬಿಟ್ಟು ಇನ್ನೊಬ್ಬರು ಪೂರ್ತಿ ಒಂದು ವಾಕ್ಯ ಆಡಿದ್ದನ್ನು ನಾನು ಕೇಳಿರಲಿಲ್ಲ. ಕಿವಿ ಎಷ್ಟು ಕೆಲಸಗಳ್ಳವೋ ಕಣ್ಣು ಅಷ್ಟು ಚುರುಕು. ಪೇಪರು, ನೋಟೀಸು, ಗೋಡೆ, ಕಾಯಿ ಚೀಲದ ಮೇಲಿನ ಮುದ್ರೆ, ಏನು ಕಂಡರೂ ದೊಡ್ಡ ದನಿಯಲ್ಲಿ ಓದಿ, ಅದರ ಮೇಲೆ ಭಾಷಣ ಮಾಡಿಯೇ ಮುಂದಕ್ಕೆ ಹೋಗುತ್ತಿದ್ದರು.

ಅವರ ಮಗಳ ಹೆಸರೂ ಉಷಾರಾಣಿ. ಹೊಸದುರ್ಗದ ಒಂದು ಖಾಸಗಿ ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ, ತಲೆ ಎತ್ತಿ ನೋಡದ ಹುಡುಗಿ. ಕೆಂಚಪ್ಪನವರ ಕೋಪವೆಲ್ಲ ಅಲ್ಲಿಂದಲೇ ಹುಟ್ಟಿದ್ದು. ಯಾವಳೋ ಗಂಡುಬೀರಿಯಿಂದಾಗಿ ತಮ್ಮ ಚಿನ್ನದಂಥ ಮಗಳ ಹೆಸರು ಊರ ಗೋಡೆಗಳ ಮೇಲೆ ಹಾಳಾಗುತ್ತಿದೆ ಎಂದು ಪುರಸಭೆಗೆ ಹೋಗಿ ಕೂಗಾಡಿದರು. ಆ ಬರಹ ಎಲ್ಲಿ ಕಂಡರೂ ಅಂದೇ ಅಳಿಸಬೇಕೆಂದು ದಿಲಾವರ್‌ಗೆ ಅಪ್ಪಣೆಯಾದದ್ದು ಅವರಿಂದಲೇ. ಆಮೇಲೆ ನನ್ನ ಅಂಗಡಿಗೂ ಬಂದು ಸ್ಟೂಲಿನ ಮೇಲೆ ಕುಳಿತರು.

"ಎರಡು ಸ್ಟ್ರಾ ಅಂತೆ ಕಲ್ಲೇಶಪ್ಪ, ಮಾನ ಮರ್ಯಾದೆ ಐತೇನಪ್ಪ ಇವ್ಕೆ? ಇಂಥ ಮಗಳ್ನ ಹಡೆದು, ಅವರಪ್ಪ ಅನ್ನೋನು ಯಾವ ಕಡೆ ಕಣ್ಮುಚ್ಕಂಡ್ ಕುಂತವ್ನೆ ಅಂತ" ಎಂದರು.

ನಾನು ಟೀ ತರಿಸಿದೆ. ಆ ಮನೆಯ ಹುಡುಗಿಯ ಮೇಲೆ ಸಂಶಯ ಪಡುವಷ್ಟು ತಲೆ ನಮಗಿಬ್ಬರಿಗೂ ಇರಲಿಲ್ಲ. ಕೆಂಚಪ್ಪನವರ ಮಗಳು ಗೋಡೆಗೆ ಬ್ರಷ್ ಹಚ್ಚುತ್ತಾಳೆ ಎನ್ನುವುದಕ್ಕಿಂತ, ತೆಂಗಿನ ಮರ ನಡೆದು ಬಂದು ಅಂಗಡಿಯಲ್ಲಿ ಕೂತಿತು ಎಂದರೆ ಬೇಗ ನಂಬುತ್ತಿದ್ದೆವು.

ಮಾಘ ಮಾಸ ಬಂತು. ಕೆಂಚಪ್ಪನವರ ಮಗಳಿಗೆ ಹೊರಕೆರೆದೇವಪುರದ ಸಂಬಂಧ ಗೊತ್ತಾಯಿತು. ಹುಡುಗನ ಹೆಸರು ಲಕ್ಷ್ಮೀಕಾಂತ್. ಮಾತುಕತೆ ಆಗಿತ್ತು, ಗಂಡಿನ ಕಡೆಯವರು ಒಂದು ದಿನ ಮಧ್ಯಾಹ್ನ ಟೆಂಪೋದಲ್ಲಿ ಬಂದು ಲಗ್ನಪತ್ರಿಕೆ ಬರೆಸುವುದಿತ್ತು. ಕೆಂಚಪ್ಪನವರ ಮನೆತನದಲ್ಲಿ ಒಂದು ಕಟ್ಟು ಇದೆ. ಮೊದಲು ಗೋಡೆ, ಆಮೇಲೆ ಲಗ್ನಪತ್ರಿಕೆ. ಬರೆದ ಗೋಡೆಗೆ ಮನೆಯ ಹಿರಿಯ ಹೆಂಗಸು ಪೂಜೆ ಮಾಡಿ ಕಾಯಿ ಒಡೆದಳೆಂದರೆ ಮುಗಿಯಿತು, ಮಳೆಗೆ ತಾನಾಗಿ ತೊಳೆದು ಹೋಗುವ ತನಕ ಆ ಹೆಸರುಗಳನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಹುಡುಗಿಯ ಬಾಳಿಗೆ ಕೇಡು ಎಂಬ ನಂಬಿಕೆ. ಲಗ್ನಪತ್ರಿಕೆಯ ದಿನ ಬೆಳಗ್ಗೆಯೇ ಬಾ ಎಂದು ದಿಲಾವರ್‌ಗೆ ಕರೆ ಬಂತು. ಸುಣ್ಣ, ಕೆಮ್ಮಣ್ಣು, ಬಣ್ಣದ ಡಬ್ಬಿಗಳನ್ನು ನನ್ನ ಓಮ್ನಿಯಲ್ಲಿ ಹಾಕಿಕೊಂಡು ನಾನೇ ಹೊರಟೆ. ಬಣ್ಣ ಸಾಗಿಸುವುದು ನೆಪ. ಅವರ ಮನೆಯ ಹೋಳಿಗೆಯ ಖ್ಯಾತಿ ನನಗೆ ಮೊದಲೇ ಗೊತ್ತಿತ್ತು.

ದಾರಿಯುದ್ದಕ್ಕೂ ದಿಲಾವರ್ ಸಪ್ಪಗಿದ್ದರು. ಎರಡು ವಾರದಿಂದ ನೀಲಿ ಬರಹ ಎಲ್ಲೂ ಕಂಡಿರಲಿಲ್ಲ. ಜೋಡಿ ಮುರಿದುಬಿತ್ತೇನೋ ಎಂದು ಅವರಿಗೆ ಚಿಂತೆ. ಮೈಲಿಗಲ್ಲು ಬಂದಾಗ ಕತ್ತು ಹೊರಳಿಸಿ ನೋಡಿದರು, ಬರೀ ಬಿಳಿ. ಪಾಪ, ಆ ಹುಡುಗ ಎಲ್ಲಿ ಕೂತು ಅಳುತ್ತಿದ್ದಾನೋ ಎಂದು ತಮ್ಮ ಕಣ್ಣನ್ನೇ ಒರೆಸಿಕೊಂಡರು. ಅವರಿಗೆ ಹೀಗೆ ಕಂಡವರ ದುಃಖ ಕಟ್ಟಿಕೊಳ್ಳುವ ಚಟ.

ಕೆಂಚಪ್ಪನವರು ಹೂವು ಹಣ್ಣು ತರಲು ಹೊಸದುರ್ಗಕ್ಕೆ ಹೊರಟು ನಿಂತಿದ್ದರು. ಬೈಕಿನ ಮೇಲೆ ಕೂತೇ ಹುಡುಗ ಹುಡುಗಿಯ ಹೆಸರು ಹೇಳಿ, ಗೋಡೆ ಹೇಗಿರಬೇಕೆಂದು ಹೇಳಿ, ದೇಶದ ಸ್ಥಿತಿ ಹೇಳಿ, ಹೊರಟುಹೋದರು. ಅವರು ಹೋದ ಮೇಲೆ ಮನೆಯ ಮುಂದೆ ಹಕ್ಕಿಗಳ ದನಿ ಕೇಳಿಸಿತು. ಕೆಂಚಪ್ಪನವರ ತಾಯಿ ಮರುಳಸಿದ್ದಮ್ಮ ಪೂಜೆಯ ತಟ್ಟೆ ಜೋಡಿಸಿಕೊಂಡು ಜಗಲಿಯ ಮೇಲೆ ಕುಳಿತರು. ಓದಲು ಬಾರದ, ಆದರೆ ಶಾಸ್ತ್ರದಲ್ಲಿ ಒಂದಕ್ಷರವನ್ನೂ ಬಿಡದ ಮುದುಕಿ. ನಾನು ಬೇವಿನ ನೆರಳಲ್ಲಿ ಮಂಡಕ್ಕಿ ಮುಂದಿಟ್ಟುಕೊಂಡು ಕುಳಿತೆ.

ದಿಲಾವರ್ ಏಣಿ ಹತ್ತಿದರು. ಗಿಣಿ ಬರೆದರು, ಬಾಳೆಕಂಬ ಬರೆದರು, "ಶುಭ ವಿವಾಹ" ಬರೆದರು. ಎಡಕ್ಕೆ "ಚಿ. ಕುಂ. ಸೌ. ಉಷಾರಾಣಿ" ಬರೆಯುವಾಗ ಎಂದಿನಂತೆ ಬಾಯಲ್ಲಿ ಹೇಳಿಕೊಳ್ಳುತ್ತಿದ್ದರು. ಏಣಿ ಸರಿಸಿ ಬಾಗಿಲಿನ ಮೇಲೆ ಕಲಶದ ಜಾಗಕ್ಕೆ ಕೈ ಹಾಕಿದರು, ಆಮೇಲೆ ಬಲಕ್ಕೆ ಹೋದರು. ಕೈ ನೀರು ಹರಿದ ಹಾಗೆ ಓಡುತ್ತಿತ್ತು. ನಾನು ಮಂಡಕ್ಕಿಯಲ್ಲಿ ಕಡಲೆ ಹುಡುಕುತ್ತಿದ್ದೆ. ಅಷ್ಟರಲ್ಲಿ ಮರುಳಸಿದ್ದಮ್ಮ ಎದ್ದು, ಕೆಳಗಿನ ಅಂಚಿಗೆ ಅರಿಶಿನ ಕುಂಕುಮ ಹಚ್ಚಿ, ಆರತಿ ಎತ್ತಿ, ಫಟ್ ಎಂದು ಕಾಯಿ ಒಡೆದರು. ಕಾಯಿಯ ಸದ್ದಿಗೆ ತಲೆ ಎತ್ತಿ ಗೋಡೆ ನೋಡಿದೆ.

ಬಲಕ್ಕೆ, ಒಂದೊಂದು ಮೊಳದ ಅಕ್ಷರದಲ್ಲಿ, ಚಿ. ಸುದೀಪ್. ಬಾಗಿಲಿನ ಮೇಲೆ ಕಲಶವಿರಬೇಕಾದ ಜಾಗದಲ್ಲಿ ದುಂಡನೆಯ ಎಳನೀರು, ಅದಕ್ಕೆ ಎರಡು ಸ್ಟ್ರಾ.

ಮಂಡಕ್ಕಿ ನನ್ನ ಗಂಟಲಿಗೆ ಸಿಕ್ಕಿಕೊಂಡಿತು. ನಾನು ಕೆಮ್ಮಿದ ರೀತಿಗೆ ದಿಲಾವರ್ ತಿರುಗಿ, ನಾನು ಬೆರಳು ಮಾಡಿದ ಕಡೆ ನೋಡಿದರು. ಅಷ್ಟು ದಿನ ಓದಿ ಓದಿ ಬಾಯಿಗೆ ಹತ್ತಿದ್ದ ಜೋಡಿ ಕೈಗೂ ಹತ್ತಿತ್ತು, ಉಷಾರಾಣಿ ಮುಗಿದ ಕೂಡಲೇ ಕೈ ತನಗೆ ಗೊತ್ತಿದ್ದ ದಾರಿ ಹಿಡಿದಿತ್ತು. ಅವರ ಮುಖ ಗೋಡೆಗಿಂತ ಬಿಳಿಯಾಯಿತು. ಸುಣ್ಣದ ಬ್ರಷ್ ಕಿತ್ತುಕೊಂಡು ಬಲಗಡೆಗೆ ಹಾರಿದರು. ಮರುಳಸಿದ್ದಮ್ಮ ಆರತಿ ತಟ್ಟೆ ಸಮೇತ ಅಡ್ಡ ನಿಂತರು. ಪೂಜೆಯಾದ ಗೋಡೆ ಮುಟ್ಟಿದರೆ ನಾನಿಲ್ಲೇ ಮಲಗುತ್ತೇನೆ, ನನ್ನನ್ನು ದಾಟಿಕೊಂಡು ಹೋಗು ಎಂದರು. ತಪ್ಪಾಗಿದೆ ಅಜ್ಜಿ ಎಂದರೆ, ಕಲಶ ಲಕ್ಷಣವಾಗಿದೆ, ಎರಡು ಮಾವಿನೆಲೆ ಚೆಂದ ಬಿದ್ದಿವೆ, ಸುಮ್ಮನಿರು ಎಂದು ಸಮಾಧಾನ ಮಾಡಿದರು. ನನಗೆ ನಗು ಬಂತು. ಅಂಥ ಹೊತ್ತಲ್ಲಿ ನಗು ಬರುವುದು ನನ್ನ ಕರ್ಮ.

ಅದೇ ಗಳಿಗೆಗೆ ಉಷಾರಾಣಿ ಕಾಫಿ ತಂದಳು. ಗೋಡೆ ನೋಡಿದಳು.  ಅವಳ ಕಣ್ಣು ಹೆಸರಿನ ಮೇಲೆ ನಿಲ್ಲದೆ ನೇರ ಎಳನೀರಿಗೆ ಹೋಯಿತು, ಅಲ್ಲಿಂದ ದಿಲಾವರ್ ಮುಖಕ್ಕೆ ಬಂತು. ನಾವಿಬ್ಬರೂ ದಡ್ಡರೇ, ಆದರೂ ಆ ನೋಟ ಅರ್ಥವಾಗದಷ್ಟು ದಡ್ಡರಲ್ಲ. ಊರ ಗೋಡೆಗಳ ಮೇಲೆ ತಿಂಗಳುಗಟ್ಟಲೆ ನಾವು ಹುಡುಕಿದ ಹುಡುಗಿ ಕಾಫಿ ಹಿಡಿದುಕೊಂಡು ಎದುರಿಗೆ ನಿಂತಿದ್ದಳು, ಮಧ್ಯಾಹ್ನ ಬೇರೊಬ್ಬನ ಹೆಸರಿಗೆ ಅವಳ ಲಗ್ನ ಬರೆಯುವುದಿತ್ತು. ದಿಲಾವರ್ ಬ್ರಷ್ಷನ್ನು ಸುಣ್ಣದ ಬಕೆಟ್ಟಿಗೆ ವಾಪಸು ಹಾಕಿದರು.

ಕೆಂಚಪ್ಪನವರ ಬೈಕು ಬಂದೇಬಿಟ್ಟಿತು. ಹೂವಿನ ಬುಟ್ಟಿ ಇಳಿಸುತ್ತಲೇ ಅಭ್ಯಾಸದಂತೆ ಗೋಡೆ ಓದಲು ಶುರು ಮಾಡಿದರು. ಶುಭ ವಿವಾಹ ಓದಿದರು. ಮಗಳ ಹೆಸರು ಓದಿದರು. ಬಲಕ್ಕೆ ಬಂದಾಗ ಅರ್ಧದಲ್ಲಿ ನಿಂತರು. ಕೆಂಚಪ್ಪನವರು ಒಂದು ಬರಹವನ್ನು ಪೂರ್ತಿ ಓದದೆ ಬಿಟ್ಟದ್ದು ಅದೇ ಮೊದಲು.

ದಿಲಾವರ್ ಮುಂದೆ ಹೋಗಿ ಕೈ ಮುಗಿದರು. ಊರ ಗೋಡೆಗಳಿಂದ ಈ ಹೆಸರು ಕೈಗೆ ಅಂಟಿತು ಎಂದು ನಿಜ ಹೇಳಿದ್ದರೆ ಅವರು ಪಾರಾಗುತ್ತಿದ್ದರು. ಹಾಗೆ ಹೇಳಿದರೆ ಕೆಂಚಪ್ಪನವರು ಆ ಗೋಡೆಗಳನ್ನೂ ಈ ಮಗಳನ್ನೂ ಒಟ್ಟಿಗಿಟ್ಟು ಯೋಚಿಸುತ್ತಾರೆ ಎಂಬುದು ಅವರಿಗೆ ಹೊಳೆದಿರಬೇಕು. "ತಪ್ಪು ನಂದು ಯಜಮಾನ್ರೆ. ಹಿರಿಯೂರಾಗೆ ಇನ್ನೊಂದು ಮದ್ವಿ ಗೋಡೆ ಒಪ್ಪಿದ್ದೆ, ಅಲ್ಲಿ ಹುಡುಗನ ಹೆಸ್ರು ಸುದೀಪ್. ವಯಸ್ಸಾತು, ತಲೆ ನಿಲ್ತಿಲ್ಲ" ಎಂದರು. ಹಿರಿಯೂರಿನಲ್ಲಿ ಅಂಥ ಯಾವ ಗೋಡೆಯೂ ಇರಲಿಲ್ಲ. ಹೆಸರು ತಪ್ಪುವ ಪೇಂಟರನ್ನು ನಮ್ಮ ಕಡೆ ಯಾರೂ ಮತ್ತೆ ಮದುವೆ ಮನೆಗೆ ಕರೆಯುವುದಿಲ್ಲ. ತಮ್ಮ ಒಂದೇ ಒಂದು ಜಂಬವನ್ನು ಅವರು ನನ್ನ ಕಣ್ಣೆದುರೇ ನೆಲಕ್ಕೆ ಹಾಕಿದರು. ನನ್ನ ನಗು ಎಲ್ಲಿ ಹೋಯಿತೋ.

ಊರ ಗೋಡೆಗಳ ಹುಡುಗಿ ಬೇರೆ ಯಾವಳೋ ಎಂಬ ನಂಬಿಕೆ ಅಷ್ಟು ಗಟ್ಟಿಯಿದ್ದ ಕೆಂಚಪ್ಪನವರ ಬಾಯಿಗೆ, ಎಳನೀರಿನ ಕಡೆ ಕಣ್ಣೆತ್ತುವ ಮೊದಲೇ ಜೀವ ಬಂತು. ಮತ್ತೋಡಿನ ಬೀದಿಯೆಲ್ಲ ಬಂದು ಸೇರುವಷ್ಟು ಬೈದರು. ಹೊಸದುರ್ಗದಿಂದ ಹೊಳಲ್ಕೆರೆವರೆಗೆ ಒಂದು ಮನೆಯನ್ನೂ ಬಿಡದೆ ಹೇಳುತ್ತೇನೆ, ಇನ್ನು ನಿನ್ನ ಕೈಲಿ ಹಂದಿಗೂಡಿಗೂ ಯಾರೂ ಬಣ್ಣ ಬಳಿಸಬಾರದು ಎಂದರು. ದಿಲಾವರ್ ತಲೆ ತಗ್ಗಿಸಿ, ಗಡ್ಡದ ಸುಣ್ಣ ಕೆರೆಯುತ್ತಾ ನಿಂತಿದ್ದರು.

"ಅವರ್ನ ಬೈಬ್ಯಾಡಪ್ಪ" ಎಂದಳು ಉಷಾರಾಣಿ. "ಗೋಡೆ ಮ್ಯಾಲೆಲ್ಲ ಬರ್ದಾಕೆ ನಾನು."

ಕಾಫಿಯ ತಟ್ಟೆ ಇನ್ನೂ ಅವಳ ಕೈಯಲ್ಲೇ ಇತ್ತು. ಕೆಂಚಪ್ಪನವರಿಗೆ ಅರ್ಥವಾಗಲಿಲ್ಲ, ಯಾವ ಗೋಡೆ ಎಂದು ಕೇಳಿದರು. ಅವಳು ಒಂದೊಂದೇ ಹೇಳಿದಳು. ಕಾಯಿ ಮಾರುಕಟ್ಟೆ ಗೇಟು, ತಾಲ್ಲೂಕು ಕಚೇರಿ, ಬಸ್‌ಸ್ಟ್ಯಾಂಡು, ಮೈಲಿಗಲ್ಲು, ಹಿರಿಯೂರು ದಾರಿಯ ಮೋರಿ. ಹೇಳುತ್ತಾ ಹೋದಂತೆ ನನಗೆ ಹೊಳೆಯಿತು. ಅವೆಲ್ಲ ಕೆಂಚಪ್ಪನವರು ದಿನ ಬೆಳಗಾದರೆ ಓಡಾಡುವ ಜಾಗಗಳು. ಬಣ್ಣ ಯಾವನು ಕೊಟ್ಟ ಎಂದು ಗುಂಪಿನಲ್ಲಿ ಯಾರೋ ಕೇಳಿದರು. ಅವಳು ನನ್ನ ಕಡೆ ನೋಡಿ, ಇವರ ಅಂಗಡಿಯಲ್ಲೇ ಕೊಂಡದ್ದು, ಶಾಲೆಯ ಗೇಟಿಗೆ ಎಂದು ಹೇಳಿದ್ದೆ ಎಂದಳು. ಇಡೀ ಮತ್ತೋಡು ನನ್ನತ್ತ ತಿರುಗಿತು. ನಾನು ಮಂಡಕ್ಕಿ ಪೊಟ್ಟಣದೊಳಗೆ ಮುಖ ಹುದುಗಿಸಿದೆ.

ಯಾಕೆ ಬರೆದೆ ಎಂದು ಕೆಂಚಪ್ಪನವರು ಕೇಳಿದ ದನಿ ಸಣ್ಣಗಿತ್ತು.

"ನೀನು ಓದ್ತೀಯ ಅಂತ. ಮನೇಲಿ ಹೇಳಾಣ ಅಂತ ಎಷ್ಟ್ ಸಲ ಬಾಯ್ ತೆಗೆದ್ನೋ, ನೀನು ಬಿಡ್ಲಿಲ್ಲ. ಯಾರು ಹೇಳಿದ್ರೂ ನೀನು ಕೇಳಲ್ಲಪ್ಪ. ಗೋಡೆ ಮ್ಯಾಲೆ ಇರದು ಮಾತ್ರ ಒಂದಕ್ಷರ ಬಿಡದಂಗೆ ಓದ್ತೀಯ."

ಸುದೀಪ್ ಯಾರೆಂಬುದೂ ಹೊರಬಂತು. ಅವರದೇ ತೋಟದ ಮೋಟರಿಗೆ ಕರೆಂಟು ಹೋದಾಗಲೆಲ್ಲ ಬಂದು ಸರಿ ಮಾಡುವ ಲೈನ್‌ಮನ್ ಹುಡುಗ. ಒಂದು ಬೇಸಿಗೆಯ ದಿನ ಕಂಬ ಇಳಿದು ಬೆವರುತ್ತಾ ನಿಂತಿದ್ದವನಿಗೆ ಇವಳು ಎಳನೀರು ಕೊಟ್ಟಿದ್ದಳು. ಗೋಡೆಯ ಮೇಲೆ ಬರೆಯುವುದು ಬೇಡವೇ ಬೇಡ ಎಂದು ಅವನು ಕೈ ಮುಗಿದು ಬೇಡಿಕೊಂಡಿದ್ದನಂತೆ. ಹೈಟೆನ್ಷನ್ ಕಂಬಕ್ಕೆ ಹೆದರದವನು ಕೆಂಚಪ್ಪನವರಿಗೆ ಹೆದರುತ್ತಿದ್ದ. ಇದನ್ನು ಕೇಳಿ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಮರುಳಸಿದ್ದಮ್ಮನಿಗೆ ವಿಷಯ ತಿಳಿಸಿ ಹೇಳಿದಾಗ, ಮುದುಕಿ ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, ನಾನು ಆರತಿ ಎತ್ತಿದ್ದು ಯಾರಿಗೋ ಅವನೇ ಈ ಮನೆ ಅಳಿಯ, ನನಗೆ ಬೇರೆ ಶಾಸ್ತ್ರ ಗೊತ್ತಿಲ್ಲ ಎಂದು ಕಾಯಿ ಹೋಳುಗಳನ್ನು ಆರಿಸಿಕೊಂಡು ಒಳಗೆ ಹೋದರು.

ಕೆಂಚಪ್ಪನವರು ಜಗಲಿಯ ಮೇಲೆ ಕುಳಿತರು. ಸುತ್ತ ನಿಂತವರೆಲ್ಲ ಅವರು ಈಗ ಕೂಗುತ್ತಾರೆ, ಈಗ ಕೂಗುತ್ತಾರೆ ಎಂದು ಕಾದರು. ಅವರು ಹೆಗಲ ಮೇಲಿನ ಟವೆಲನ್ನು ತೆಗೆದು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

"ಎಲ್ಲಾ ಓದಿದ್ದೆ ಕಣವ್ವ" ಎಂದರು ಕೊನೆಗೆ. "ಒಂದೂ ಬಿಟ್ಟಿಲ್ಲ. ಯಾರ ಮಗಳೋ ಅನ್ಕಂಡೆ." ಆಮೇಲೆ ಎದ್ದು, ಬೈಕಿನ ಕಡೆ ಕೈ ತೋರಿಸಿದರು. "ನಡಿ, ಎಲ್ಲೆಲ್ಲಿ ಬರ್ದಿದ್ದೀಯೋ ತೋರ್ಸು. ಇನ್ನೊಂದ್ಸಲ ಓದ್ತೀನಿ."

"ಎಲ್ಲಪ್ಪ ತೋರ್ಸಲಿ" ಎಂದಳು ಅವಳು. "ನೀನೇ ಹೇಳಿ ಎಲ್ಲಾನೂ ಅಳಿಸ್ದೆ."

ದಿಲಾವರ್ ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಅವರ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ ಇತ್ತು. ನನ್ನದಕ್ಕೆ ಮಂಡಕ್ಕಿಯ ಖಾರ ಕಾರಣ ಎಂದು ಆಗ ಪಕ್ಕದವರಿಗೆ ಹೇಳಿದೆ. ಕೆಂಚಪ್ಪನವರು ಗೋಡೆಯ ಹತ್ತಿರ ಹೋದರು. ಅಳಿಸಿಯೇಬಿಡುತ್ತಾರೆ ಎಂದು ಎಲ್ಲರೂ ಅಂದುಕೊಂಡೆವು. ಅವರು ಸುಣ್ಣದ ಬಕೆಟ್ಟನ್ನು ಎತ್ತಿ, ದೂರ ಒಯ್ದು, ಬೇವಿನ ಮರದ ಬುಡಕ್ಕೆ ಪೂರ್ತಿ ಸುರಿದರು. ತಿರುಗಿ ಬಂದು ಗೋಡೆಯನ್ನು ಎಡದಿಂದ ಬಲಕ್ಕೆ, ಎಳನೀರನ್ನೂ ಸೇರಿಸಿ, ಬಾಯಿ ತೆರೆಯದೆ ಮನಸ್ಸಿನಲ್ಲೇ ಓದಿಕೊಂಡರು.

"ಇದೊಂದು ಇರ್ಲಿ ದಿಲಾವರ್" ಎಂದರು.

ಹೊರಕೆರೆದೇವಪುರದವರ ಟೆಂಪೋ ಊರು ಸೇರುವ ಮೊದಲೇ ಎದುರಿಗೆ ಹೋಗಿ ತಾವೇ ಕೈ ಮುಗಿದು ಹೇಳಬೇಕೆಂದು ರಸ್ತೆಯ ಕಡೆ ನಡೆದರು. ನಾಲ್ಕು ಹೆಜ್ಜೆ ಹೋದವರು ನಿಂತು, ಮಗಳನ್ನು ಕರೆದು, ದಾರಿಯಲ್ಲಿ ಆ ಹುಡುಗನ ವಿಷಯ ಪೂರ್ತಿ ಹೇಳುತ್ತಾ ಬಾ ಎಂದರು. ಅವಳು ಹೇಳುತ್ತಾ ನಡೆದಳು. ರಸ್ತೆ ತಿರುಗುವ ತನಕ ನಮಗೆ ಅವಳೊಬ್ಬಳ ದನಿಯೇ ಕೇಳಿಸುತ್ತಿತ್ತು.